ಕಾಡಿಗೆ ಹೋಗುವಾಗ ಸೊಂಟದಲ್ಲಿ ಏನಿರಬೇಕು?

ಟ್ರೆಕ್ಕಿಂಗ್ ಹೊರಡೋ ಮುಂಚೆ ಬ್ಯಾಗಿಗೆ ಏನೇನು ತುಂಬಬೇಕು ಅನ್ನೋ ಪಟ್ಟಿ ಈಗ ಎಲ್ಲರ ಫೋನಿನಲ್ಲೂ ಇದೆ. ನೀರು, ಟಾರ್ಚು, ರೇನ್‌ಕೋಟು, ಚಿಕ್ಕಿ, ಇನ್ನೊಂದು ಜೊತೆ ಸಾಕ್ಸು. ಅಮೆರಿಕದಲ್ಲಿ ಇದೇ ಪಟ್ಟಿಗೆ ಮತ್ತೊಂದು ಸಾಮಾನು ಸೇರುತ್ತದೆ: ಕೈಬಂದೂಕು. ಕರಡಿ ಎದುರಾದರೆ ಯಾವ ರಿವಾಲ್ವರ್ ಸಾಕು, ಯಾವ ಪಿಸ್ತೂಲು ಹಗುರ, ಸೊಂಟಕ್ಕೆ ಕಟ್ಟೋದಾ ಎದೆಗೆ ಕಟ್ಟೋದಾ ಅಂತ ಅಲ್ಲಿನವರು ಗಂಟೆಗಟ್ಟಲೆ ವಾದ ಮಾಡುತ್ತಾರೆ. 2010ರ ಫೆಬ್ರುವರಿಯಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲೂ, ಆಯಾ ರಾಜ್ಯದ ಕಾನೂನು ಒಪ್ಪಿದರೆ, ಗುಂಡು ತುಂಬಿದ ಬಂದೂಕು ಇಟ್ಟುಕೊಂಡು ಓಡಾಡಬಹುದು.

ನಮ್ಮಲ್ಲಿ ಆ ವಾದಕ್ಕೆ ಜಾಗವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಅಭಯಾರಣ್ಯದೊಳಗೆ ಒಯ್ಯುವಂತಿಲ್ಲ. ಊರಲ್ಲಿ ಇಟ್ಟುಕೊಳ್ಳೋದಕ್ಕೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇಕು. ಅದು ಸಿಕ್ಕರೂ 9 ಎಂಎಂ ಪಿಸ್ತೂಲು ಸಾಮಾನ್ಯ ಜನಕ್ಕಿಲ್ಲ. ಹೆಚ್ಚಾಗಿ ಸಿಗೋದು ಪಾಯಿಂಟ್ 32. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರ ರಕ್ಷಣೆಗೆ ಎಂದು ಬಿಟ್ಟ ‘ನಿರ್ಭೀಕ್’ ರಿವಾಲ್ವರ್ ಕೂಡ ಇದೇ ಅಳತೆಯದು, ಬೆಲೆ ಒಂದು ಲಕ್ಷಕ್ಕೂ ಹೆಚ್ಚು. ನೂರು ಕಿಲೋ ದಾಟಿದ ಕರಡಿಯ ಎದುರು ಇದನ್ನು ಹಿಡಿದು ನಿಲ್ಲುವವರು ಮೊದಲು ಇನ್ಶೂರೆನ್ಸ್ ಕಟ್ಟಿರೋದು ಒಳ್ಳೇದು.

ಹಾಗಾದರೆ ಈ ಪ್ರಶ್ನೆ ನಮ್ಮ ನೆಲದಲ್ಲಿ ಹುಟ್ಟಲೇ ಇಲ್ಲವಾ? ಹುಟ್ಟಿತ್ತು. ಅದೂ ಕಾಡೇ ಇಲ್ಲದ ಕಡೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ನೋಡಿ. ಎರಿ ಭೂಮಿ, ತೊಗರಿ, ಜೋಳ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಅಡವಿ ಅಂತ ನೋಡಬೇಕಂದ್ರೆ ಜಿಲ್ಲೆಯ ಇನ್ನೊಂದು ತುದಿಯ ಚಿಂಚೋಳಿಗೇ ಹೋಗಬೇಕು. ಅಲ್ಲೂ ಇರೋದು ತೋಳ, ಕತ್ತೆಕಿರುಬ, ನರಿ. ಈ ಕಡೆಯ ಕುರಿಗಾಹಿಗೆ ತೋಳದ ಭಯ ಇದ್ದದ್ದು ನಿಜ. ಅದಕ್ಕೆ ಅವನ ಹತ್ತಿರ ಇದ್ದದ್ದು ಬಡಿಗಿ, ನಾಯಿ, ಜೊತೆಗಾರನ ಕೂಗು. ಬಂದೂಕು ಈ ಸೀಮೆಗೆ ಬಂದದ್ದು ಪ್ರಾಣಿಗಳಿಗಾಗಿ ಅಲ್ಲ, ಮನುಷ್ಯರಿಗಾಗಿ.

19ನೇ ಶತಮಾನದ ಮೊದಲ ಅರ್ಧದಲ್ಲಿ ದಾರಿ ನಡೆಯುವವರ ದೊಡ್ಡ ಭಯ ಥಗ್ಗರು. ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಇವರ ಬಗ್ಗೆ ಒಂದು ಕಾದಂಬರಿಯನ್ನೇ ಬರೆದ. ಆಳಂದದಿಂದ ಹೆಚ್ಚು ದೂರವಿಲ್ಲದ ನಳದುರ್ಗದಲ್ಲಿ 1853ರ ನಂತರ ಆಡಳಿತ ನಡೆಸಿದವನೂ ಇವನೇ. ಥಗ್ಗರ ಕಥೆಯನ್ನು ಕಂಪನಿ ಸರ್ಕಾರ ಬೇಕಂತಲೇ ಉಬ್ಬಿಸಿತು ಅನ್ನೋ ಇತಿಹಾಸಕಾರರಿದ್ದಾರೆ. ಅದು ಹೇಗೇ ಇರಲಿ, ಒಂದು ವಿಷಯ ಗಮನಿಸಿ. ರಜೆ ಮೇಲೆ ಊರಿಗೆ ಹೊರಟ ಸಿಪಾಯಿಗಳೂ ಥಗ್ಗರ ಕೈಗೆ ಸಿಕ್ಕಿ ಸತ್ತಿದ್ದಾರೆ. ಅವರಿಗೆ ಆಯುಧ ಹಿಡಿಯೋದು ಗೊತ್ತಿತ್ತು. ಆದರೆ ಕೊಲ್ಲುವವನು ಎದುರಿನಿಂದ ಬರಲಿಲ್ಲ. ನಾಲ್ಕು ದಿನ ಜೊತೆಗೆ ನಡೆದು, ಜೊತೆಗೆ ಉಂಡು, ಐದನೇ ದಿನ ಹಿಂದಿನಿಂದ ವಸ್ತ್ರ ಬಿಗಿದ.

ಆಮೇಲೆ ಬಂತು 1857. ‘ಹಲಗಲಿ ಬೇಡರು’ ಲಾವಣಿಯನ್ನು ಎಸ್ಸೆಸ್ಸೆಲ್ಸಿಯಲ್ಲಿ ಓದಿದ್ದು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬಹುದು. ಆ ವರ್ಷದ 28ನೇ ಕಾಯ್ದೆಯಂತೆ ಆಯುಧಗಳನ್ನು ತಂದು ಒಪ್ಪಿಸಿ ಎಂದು ಸರ್ಕಾರ ಹೇಳಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಅನ್ನ, ಮರ್ಯಾದೆ ಮೂರೂ. ಕೊಡಲ್ಲ ಅಂದರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು, 19 ಜನರನ್ನು ಗಲ್ಲಿಗೇರಿಸಿತು. ಯಾರ ಸೊಂಟದಲ್ಲಿ ಏನಿರಬೇಕು ಅನ್ನೋದನ್ನು ಇನ್ನುಮೇಲೆ ಸರ್ಕಾರವೇ ತೀರ್ಮಾನಿಸುತ್ತದೆ ಅಂತ ಈ ಕಡೆಯ ಜನಕ್ಕೆ ಅರ್ಥವಾದದ್ದು ಹೀಗೆ.

ಜೇವರ್ಗಿಯಿಂದ ದಕ್ಷಿಣಕ್ಕೆ ಹೋದರೆ ಸುರಪುರ. ಅಲ್ಲಿಯ ಬೇಡ ಅರಸು ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಸಂಸ್ಥಾನದ ಉಸ್ತುವಾರಿ ಇದೇ ಟೇಲರ್‌ನದು. ಹುಡುಗ ಅವನನ್ನು ‘ಅಪ್ಪಾ’ ಅಂತಲೇ ಕರೆಯುತ್ತಿದ್ದ. 1858ರ ಫೆಬ್ರುವರಿಯಲ್ಲಿ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದ, ಕ್ಯಾಪ್ಟನ್ ನ್ಯೂಬೆರ್ರಿ ಸತ್ತ. ಕೋಟೆ ಕೈತಪ್ಪಿತು. ನಾಯಕ ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಮೊದಲು ಮರಣದಂಡನೆಯ ಮಾತು ಬಂತು, ಕೊನೆಗೆ ಶಿಕ್ಷೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಸೆರೆಗೆ ಒಯ್ಯುವಾಗ ದಾರಿಯಲ್ಲಿ ಆದದ್ದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬೆಂಗಾವಲಿನ ಅಧಿಕಾರಿ ಗುಂಡು ತುಂಬಿದ ರಿವಾಲ್ವರ್ ಇದ್ದ ಬೆಲ್ಟನ್ನು ಬಿಚ್ಚಿ ಕುರ್ಚಿಗೆ ನೇತುಹಾಕಿ ಡೇರೆಯಿಂದ ಹೊರಗೆ ಹೋದ. ಗುಂಡಿನ ಸದ್ದು ಕೇಳಿತು. ಓಡಿ ಬಂದು ನೋಡಿದರೆ ನಾಯಕ ಸತ್ತು ಬಿದ್ದಿದ್ದ. ಅವನಿಗಿನ್ನೂ ಇಪ್ಪತ್ನಾಲ್ಕರ ಆಸುಪಾಸು. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು.

ಇದು ಇಂಗ್ಲಿಷರ ಹೇಳಿಕೆ, ಅದನ್ನು ಪೂರ್ತಿ ನಂಬಲೇಬೇಕಂತಿಲ್ಲ. ಆದರೆ ಯಾವ ರೀತಿ ನೋಡಿದರೂ ಆ ರಿವಾಲ್ವರ್ ಕಾವಲಿಗೆ ಅಂತ ಬಂದದ್ದು. ಕಾಯಬೇಕಾದವನನ್ನೇ ಅದು ತೆಗೆಯಿತು.

1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು: ಭಾರತೀಯನಿಗೆ ಲೈಸೆನ್ಸ್, ಯುರೋಪಿಯನ್ನನಿಗೆ ವಿನಾಯಿತಿ. ಅದು ಬ್ರಿಟಿಷ್ ಇಂಡಿಯಾದ ಕಾನೂನು. ಆಳಂದ, ಅಫಜಲಪುರ, ಜೇವರ್ಗಿ ನಿಜಾಮರವು. ಗಡಿಯಾಚೆಯ ಇಂಡಿ, ಸಿಂದಗಿ, ಸೊಲ್ಲಾಪುರ ಬ್ರಿಟಿಷರವು. ಹೊಲದ ಬದು ದಾಟಿದರೆ ಸರ್ಕಾರವೇ ಬೇರೆ. 1947–48ರಲ್ಲಿ ಈ ಬದು ಯುದ್ಧದ ಗೆರೆಯಾಯಿತು. ಇತ್ತ ರಜಾಕಾರರು, ಅತ್ತ ಗಡಿ ಶಿಬಿರಗಳ ಹೋರಾಟಗಾರರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ವಿಮಾನದಲ್ಲಿ ಹೈದರಾಬಾದಿಗೆ ಆಯುಧ ತಂದು ಇಳಿಸುತ್ತಿದ್ದ. 1948ರ ಸೆಪ್ಟೆಂಬರ್ 13ಕ್ಕೆ ಸೇನೆ ಒಳಬಂತು, 17ಕ್ಕೆ ನಿಜಾಮರು ಶರಣಾದರು. ಇವತ್ತು ಆ ದಿನ ಕಲ್ಯಾಣ ಕರ್ನಾಟಕ ಉತ್ಸವ.

ಉತ್ಸವದ ಭಾಷಣಗಳಲ್ಲಿ ಬರದ ಮುಂದಿನ ಭಾಗವೂ ಇದೆ. ಸಂಸ್ಥಾನ ಬಿದ್ದ ಮೇಲೆ ಏನಾಯಿತು ಎಂದು ನೋಡಲು ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್ ತಂಡವನ್ನು ಕಳಿಸಿತು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಆಮೇಲೆ ಇಡೀ ಸಂಸ್ಥಾನದಲ್ಲಿ ಕಡಿಮೆಯೆಂದರೆ 27 ಸಾವಿರದಿಂದ 40 ಸಾವಿರ ಜನ ಸತ್ತರು ಅನ್ನೋದು ಆ ತಂಡದ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ರಜಾಕಾರರ ಬಂದೂಕಿಗೆ ಹೆದರಿ ಊರು ಬಿಟ್ಟವರೂ ಇದೇ ಸೀಮೆಯವರು, ವಾರ ಕಳೆಯೋದರಲ್ಲಿ ಹೆದರಿ ಓಡಿದವರೂ ಇದೇ ಸೀಮೆಯವರು. ಬಂದೂಕಿನ ಬಾಯಿ ಯಾವ ಕಡೆಗೆ ಅನ್ನೋದಷ್ಟೇ ಬದಲಾಗಿತ್ತು.

ಇನ್ನು ನಮ್ಮ ಕಾಲಕ್ಕೆ ಬರೋಣ. ರವಿ ಬೆಳಗೆರೆ ‘ಭೀಮಾ ತೀರದ ಹಂತಕರು’ ಬರೆದರು, 2012ರಲ್ಲಿ ‘ಭೀಮಾ ತೀರದಲ್ಲಿ’ ಸಿನಿಮಾ ಬಂತು. ಮನೆತನಗಳ ನಡುವಿನ ಸೇಡಿಗೆ ಕಂಟ್ರಿ ಪಿಸ್ತೂಲು ಸೇರಿದ ಕಥೆ ರಾಜ್ಯಕ್ಕೆಲ್ಲ ಗೊತ್ತಾಯಿತು. ಅಲ್ಲಿಂದ ಬೆಂಗಳೂರಿಗೆ ಬಂದು ಕೋಡ್ ಬರೆಯೋ ಹುಡುಗ ತನ್ನದು ಅಫಜಲಪುರ ಅಂದರೆ ‘ಓ, ಭೀಮಾ ತೀರಾನಾ? ಹುಷಾರಪ್ಪಾ’ ಅಂತ ಈಗಲೂ ನಗುತ್ತಾರೆ. ಕೆಲವೇ ಜನರ ಸೊಂಟದಲ್ಲಿದ್ದ ಪಿಸ್ತೂಲು ಒಂದಿಡೀ ಸೀಮೆಯ ಅಡ್ಡಹೆಸರಾಗಿಬಿಟ್ಟಿದೆ.

ಅದೇ ಭೀಮೆಯ ಆಚೆ, ಸಿಂದಗಿ ತಾಲೂಕಿನಲ್ಲಿ ಹುಟ್ಟಿದವರು ಎಂ.ಎಂ. ಕಲಬುರ್ಗಿ. ಜೀವಮಾನವಿಡೀ ವಚನ, ಶಾಸನ, ಹಸ್ತಪ್ರತಿಗಳ ಕೆಲಸ ಮಾಡಿದವರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ಕ್ಕೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದಿತು ವಿಧಿವಿಜ್ಞಾನ ಪ್ರಯೋಗಾಲಯದ ವರದಿ. 7.65 ಎಂಎಂ ಅಂದರೆ ಇಂಚಿನ ಲೆಕ್ಕದಲ್ಲಿ ಪಾಯಿಂಟ್ 32. ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಕೊಡುವ ಅಳತೆಯೂ ಅದೇ. ಕರಡಿಗೆ ಸಾಲದು ಅಂತ ಆಗಲೇ ನಕ್ಕೆವಲ್ಲ, ಬಾಗಿಲು ತೆರೆದು ನಿಂತ 76 ವರ್ಷದ ಮೇಷ್ಟ್ರಿಗೆ ಅದು ಸಾಕಾಯಿತು.

ಆದ್ದರಿಂದ ಯಾವ ಪಿಸ್ತೂಲು ಒಳ್ಳೇದು ಅನ್ನೋದಕ್ಕಿಂತ ಮೊದಲು ಯಾರಿಗೆ ಹೆದರಿ ಅದನ್ನು ಕಟ್ಟಿಕೊಳ್ಳುತ್ತಿದ್ದೇವೆ ಅಂತ ಕೇಳಿಕೊಳ್ಳಬೇಕು. ಭೀಮೆಯ ಸೀಮೆಯಲ್ಲಿ ಇನ್ನೂರು ವರ್ಷದಿಂದ ಅದಕ್ಕೆ ಸಿಕ್ಕಿರೋ ಉತ್ತರ ಒಂದೇ: ಪಕ್ಕದ ಮನುಷ್ಯನಿಗೆ. ಆ ಭಯ ಸುಳ್ಳು ಅಂತಲ್ಲ, ಹಲವು ಸಲ ನಿಜವೇ ಆಗಿತ್ತು. ಆದರೆ ಪಿಸ್ತೂಲು ಅದನ್ನು ಕಡಿಮೆ ಮಾಡಿದ ಉದಾಹರಣೆ ಈ ಇತಿಹಾಸದಲ್ಲಿ ಹುಡುಕಿದರೂ ಸಿಗೋದು ಕಷ್ಟ. ಇವನ ಕೈಯಿಂದ ಅವನ ಕೈಗೆ ಅದನ್ನು ದಾಟಿಸಿದ್ದೇ ಹೆಚ್ಚು.

ಚಿಂಚೋಳಿಗೋ ಚಾರ್ಮಾಡಿಗೋ ಹೊರಟಿದ್ದರೆ ಅರಣ್ಯ ಇಲಾಖೆಯ ಅನುಮತಿ ತಗೊಳ್ಳಿ, ಊರಿನವರನ್ನೇ ಕರಕೊಂಡು ಹೋಗಿ, ಕಿವಿಯ ಇಯರ್‌ಫೋನ್ ತೆಗೆಯಿರಿ, ಕತ್ತಲಾಗೋ ಮುಂಚೆ ವಾಪಸ್ ಬನ್ನಿ. ಕೈಗೆ ಏನಾದರೂ ಬೇಕೇ ಬೇಕು ಅನ್ನಿಸಿದರೆ ಕುರಿಗಾಹಿಯ ಹಾಗೆ ಒಂದು ಬಡಿಗಿ ಹಿಡೀರಿ. ಏರು ಹತ್ತುವಾಗ ಊರಿಕೊಳ್ಳೋದಕ್ಕೂ ಬರುತ್ತದೆ.