ಪಿಎಸ್‌ಎ: ಒಂದು ರಕ್ತಪರೀಕ್ಷೆಯ ಚರಿತ್ರೆ

ಪ್ರಾಸ್ಟೇಟ್ ಗಂಡಸರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಬಳಸಿಕೊಂಡಿರುವ, ಬೆಟ್ಟದ ನೆಲ್ಲಿಕಾಯಿಯಷ್ಟು ದೊಡ್ಡ ಗ್ರಂಥಿ. ಅದರ ಕ್ಯಾನ್ಸರನ್ನು ಬಹುಕಾಲ ವೈದ್ಯರು ಗುದದ್ವಾರದಲ್ಲಿ ಬೆರಳಿಟ್ಟು ಗಡಸುತನ ನೋಡಿಯೇ ಗುರುತಿಸಬೇಕಿತ್ತು. ರಕ್ತದಲ್ಲೂ ಅದರ ಸುಳಿವು ಸಿಗುತ್ತದೆಂದು 1938ರಲ್ಲಿ ನ್ಯೂಯಾರ್ಕಿನ ಗಟ್‌ಮನ್ ದಂಪತಿ ತೋರಿಸಿದರು. ರೋಗ ಮೂಳೆಗಳಿಗೆ ಹರಡಿದವರಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತಿತ್ತು. ವೃಷಣಗಳನ್ನು ತೆಗೆದರೆ ಅಥವಾ ಈಸ್ಟ್ರೋಜನ್ ಕೊಟ್ಟರೆ ಅದು ಇಳಿಯುತ್ತದೆಂದು 1941ರಲ್ಲಿ ಶಿಕಾಗೊದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಕಂಡುಕೊಂಡರು. ಹಾರ್ಮೋನ್ ಚಿಕಿತ್ಸೆಯ ಈ ಕೆಲಸಕ್ಕೆ 1966ರಲ್ಲಿ ಹಗಿನ್ಸ್‌ಗೆ ನೊಬೆಲ್ ಬಂತು. ಆದರೆ ಈ ಕಿಣ್ವ ಎಚ್ಚರಿಕೆ ಕೊಡುವ ಹೊತ್ತಿಗೆ ರೋಗ ಸಾಮಾನ್ಯವಾಗಿ ಕೈಮೀರಿರುತ್ತಿತ್ತು.

ಇದರ ಜಾಗಕ್ಕೆ ಬಂದ ಪಿಎಸ್‌ಎ (ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್) ಎಂಬ ಪ್ರೋಟೀನನ್ನು ಕಂಡುಹಿಡಿದವರು ಒಬ್ಬರಲ್ಲ. ಹೆಪ್ಪುಗಟ್ಟಿದ ವೀರ್ಯವನ್ನು ತೆಳುವಾಗಿಸುವುದು ಅದರ ಸಹಜ ಕೆಲಸ. ಪ್ರಾಸ್ಟೇಟ್ ಅಂಗಾಂಶದಲ್ಲಿನ ಪ್ರತಿಜನಕಗಳ (ಆಂಟಿಜೆನ್) ಬಗ್ಗೆ ಅಮೆರಿಕದ ರಿಚರ್ಡ್ ಆಬ್ಲಿನ್ 1970ರಲ್ಲಿ ಬರೆದರು. ಮರುವರ್ಷ ಜಪಾನಿನ ಮಿತ್ಸುವೊ ಹಾರಾ ವೀರ್ಯದಲ್ಲಿ ಇದೇ ಪ್ರೋಟೀನನ್ನು ಗುರುತಿಸಿ ಬೇರೆ ಹೆಸರಿಟ್ಟರು. ಅವರಿಗೆ ಬೇಕಿದ್ದುದು ಅಪರಾಧ ತನಿಖೆಯಲ್ಲಿ ವೀರ್ಯದ ಕಲೆಯನ್ನು ಖಚಿತಪಡಿಸುವ ಸಾಧನ. 1979ರಲ್ಲಿ ಬಫಲೊ ನಗರದ ರಾಸ್ವೆಲ್ ಪಾರ್ಕ್ ಸಂಸ್ಥೆಯಲ್ಲಿ ಮಿಂಗ್ ಚು ಅವರ ತಂಡ ಅದನ್ನು ಪ್ರಾಸ್ಟೇಟಿನಿಂದ ಶುದ್ಧರೂಪದಲ್ಲಿ ಬೇರ್ಪಡಿಸಿತು. ರಕ್ತದಲ್ಲಿ ಅಳೆಯುವ ವಿಧಾನ ಮರುವರ್ಷವೇ ಬಂತು.

1986ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು, ಕ್ಯಾನ್ಸರ್ ಇದೆಯೆಂದು ಗೊತ್ತಾದವರ ಮೇಲೆ ನಿಗಾ ಇಡಲು ಮಾತ್ರ. ಆ ಕೆಲಸಕ್ಕೆ ಇದು ಚೆನ್ನಾಗಿಯೇ ಒಗ್ಗುತ್ತದೆ: ಗ್ರಂಥಿಯನ್ನೇ ತೆಗೆದ ಮೇಲೆ ರಕ್ತದಲ್ಲಿ ಪಿಎಸ್‌ಎ ಕಾಣಿಸಿದರೆ ರೋಗ ಮರಳುತ್ತಿರಬಹುದು. ಆದರೆ ಆರೋಗ್ಯವಂತರಲ್ಲಿ ರೋಗ ಹುಡುಕುವುದು ಬೇರೆಯೇ ಮಾತು. ವಯಸ್ಸಾದಂತೆ ಗ್ರಂಥಿ ದಪ್ಪವಾದರೂ, ಸೋಂಕು ತಗಲಿದರೂ ಪಿಎಸ್‌ಎ ಏರುತ್ತದೆ. 1991ರಲ್ಲಿ ವಿಲಿಯಂ ಕ್ಯಾಟಲೋನ ಅವರ ಅಧ್ಯಯನದ ನಂತರ, ಮಿಲಿಲೀಟರ್ ರಕ್ತದ್ರವದಲ್ಲಿ 4 ನ್ಯಾನೊಗ್ರಾಂ ಎಂಬುದು ಶಂಕೆಯ ಗಡಿರೇಖೆಯಾಯಿತು. 1994ರಲ್ಲಿ ಬೆರಳ ಪರೀಕ್ಷೆಯ ಜೊತೆಗೆ ರೋಗಪತ್ತೆಗೂ ಬಳಸಲು ಅನುಮತಿ ಸಿಕ್ಕಿತು. ಪರೀಕ್ಷೆಯಿಂದ ಜೀವ ಉಳಿಯುತ್ತದೆಯೇ ಎಂಬುದು ಆಗಿನ್ನೂ ಸಾಬೀತಾಗಿರಲಿಲ್ಲ. ಈ ಚರಿತ್ರೆಯ ದೊಡ್ಡ ಎಡವಟ್ಟು ಅದೇ. ಲಕ್ಷಾಂತರ ಗಂಡಸರು ಗ್ರಂಥಿಯ ಚೂರು ತೆಗೆದು ನೋಡುವ ಬಯಾಪ್ಸಿಗೆ ಒಳಗಾದರು. ಎಂದೂ ತೊಂದರೆ ಕೊಡದಿದ್ದಿರಬಹುದಾದ ಗಡ್ಡೆಗಳಿಗಾಗಿ ಶಸ್ತ್ರಚಿಕಿತ್ಸೆ, ವಿಕಿರಣ ಪಡೆದ ಅನೇಕರು ಮೂತ್ರದ ಹಿಡಿತವನ್ನೂ ಲೈಂಗಿಕ ಶಕ್ತಿಯನ್ನೂ ಕಳೆದುಕೊಂಡರು. ಗಡಿರೇಖೆಯೂ ಗಟ್ಟಿಯಲ್ಲವೆಂದು 2004ರಲ್ಲಿ ತಿಳಿಯಿತು: 4ರೊಳಗೇ ಇದ್ದವರ ಬಯಾಪ್ಸಿಯಲ್ಲಿ ಶೇಕಡ 15ರಷ್ಟು ಮಂದಿಗೆ ಕ್ಯಾನ್ಸರ್ ಇತ್ತು.

2009ರಲ್ಲಿ ಎರಡು ದೊಡ್ಡ ಅಧ್ಯಯನಗಳ ಫಲಿತಾಂಶ ಒಟ್ಟಿಗೇ ಹೊರಬಿತ್ತು. ಯುರೋಪಿನದು ಪ್ರಾಸ್ಟೇಟ್ ಕ್ಯಾನ್ಸರಿನ ಸಾವು ಶೇಕಡ 20ರಷ್ಟು ತಗ್ಗಿತೆಂದಿತು. ಆದರೆ ಒಂದು ಸಾವು ತಪ್ಪಿಸಲು 1,410 ಮಂದಿಯನ್ನು ಪರೀಕ್ಷಿಸಿ, ಹೆಚ್ಚುವರಿಯಾಗಿ 48 ಮಂದಿಗೆ ಚಿಕಿತ್ಸೆ ಕೊಡಬೇಕಿತ್ತು. ಅಮೆರಿಕದ್ದು ಲಾಭ ಕಾಣಲಿಲ್ಲ. ಆದರೆ ಅದರಲ್ಲಿ ಹೋಲಿಕೆಗೆ ಇಟ್ಟುಕೊಂಡ ಗುಂಪಿನಲ್ಲೂ ಬಹಳಷ್ಟು ಜನ ಹೊರಗೆ ಪರೀಕ್ಷೆ ಮಾಡಿಸಿಕೊಂಡಿದ್ದರು. 2012ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ ಪರೀಕ್ಷೆಯೇ ಬೇಡವೆಂದಿತು. 2016ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು, ಪಿಎಸ್‌ಎಯಿಂದ ಪತ್ತೆಯಾದ, ಹರಡದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡಿದರೂ, ವಿಕಿರಣ ಕೊಟ್ಟರೂ, ಬರಿದೇ ಗಮನಿಸುತ್ತ ಬಂದರೂ ಹತ್ತು ವರ್ಷಗಳಲ್ಲಿ ಅದರಿಂದ ಸತ್ತವರು ಶೇಕಡ ಒಂದರ ಆಸುಪಾಸು ಎಂದು ತೋರಿಸಿತು. ಕಾದು ನೋಡುವ ಕ್ರಮಕ್ಕೆ ಇದರಿಂದ ಬಲ ಬಂತು. 2018ರಲ್ಲಿ ಕಾರ್ಯಪಡೆ ತನ್ನ ಮಾತನ್ನು ತಿದ್ದಿಕೊಂಡಿತು: 55ರಿಂದ 69 ವರ್ಷದವರು ಲಾಭ ನಷ್ಟಗಳನ್ನು ವೈದ್ಯರಿಂದ ತಿಳಿದುಕೊಂಡು ತಾವೇ ತೀರ್ಮಾನಿಸಬೇಕು; 70 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ಈ ತಪಾಸಣೆ ಬೇಡ.