ಕನ್ನಡ ನಾಡಿನ ಅಶ್ವಶಾಸ್ತ್ರ: ಕುದುರೆಯ ಆರೋಗ್ಯ ಮತ್ತು ಶಿಕ್ಷಣದ ವಿಚಾರ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ, ಆನೇಕಲ್ಲಿನ ದಾರಿ ಕವಲೊಡೆಯುವ ಸ್ಥಳವೇ ಚಂದಾಪುರ. ಹೆಬ್ಬಗೋಡಿ, ಬೊಮ್ಮಸಂದ್ರ, ಅತ್ತಿಬೆಲೆಗಳ ಕಾರ್ಖಾನೆಗಳ ನಡುವೆ ಸಿಲುಕಿದ ಈ ಊರಿನಲ್ಲಿ ಇಂದು ಹಗಲಿರುಳೂ ಕೇಳುವುದು ಯಂತ್ರವಾಹನಗಳ ಸದ್ದು ಮಾತ್ರ. ಆದರೆ ಇದೇ ದಾರಿಯಲ್ಲಿ ದಕ್ಷಿಣಕ್ಕೆ ಸುಮಾರು ೧೫ ಕಿಲೋಮೀಟರು ಸಾಗಿದರೆ ದೊರೆಯುವ ಹೊಸೂರಿನ ಬಳಿ, ಮತ್ತಿಗಿರಿಯಲ್ಲಿ, ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಸೈನ್ಯಕ್ಕೆ ಕುದುರೆಗಳನ್ನು ಸಿದ್ಧಗೊಳಿಸುವ ರಿಮೌಂಟ್ ಡಿಪೋ ಇದ್ದಿತು. ಅಂತಹ ಡಿಪೋಗಳ ಕೆಲಸ ಕುದುರೆಯನ್ನು ಕೊಂಡು ಹಂಚುವುದಷ್ಟೇ ಅಲ್ಲ. ದೂರದ ಪ್ರಯಾಣದಿಂದ ಬಳಲಿದ ಪ್ರಾಣಿಗೆ ವಿಶ್ರಾಂತಿ ಕೊಡುವುದು, ಅದರ ಮೈ ತುಂಬಿದ ಮೇಲೆ ಕ್ರಮಕ್ರಮವಾಗಿ ಸವಾರಿಗೆ ಒಗ್ಗಿಸುವುದು, ಕುಂಟಿದವುಗಳನ್ನು ಮತ್ತೆ ನೆಟ್ಟಗೆ ನಡೆಯುವಂತೆ ಮಾಡುವುದು, ಇವೆಲ್ಲವೂ ಅದರಲ್ಲಿ ಸೇರಿದ್ದವು.

ಈ ವಿದ್ಯೆ ನಮ್ಮ ನಾಡಿಗೆ ಪರಕೀಯರೊಡನೆ ಬಂದಿತೆಂಬ ಅಭಿಪ್ರಾಯ ಸಾಮಾನ್ಯವಾಗಿ ಪ್ರಚಾರದಲ್ಲಿದೆ. ಹಸ್ತಪ್ರತಿಗಳ ಸಾಕ್ಷ್ಯವನ್ನು ಗಮನಿಸಿದರೆ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಗುತ್ತದೆ. ಆದರೆ ಅದನ್ನು ತಿದ್ದುವ ಉತ್ಸಾಹದಲ್ಲಿ ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಸಾರುವುದೂ ಸರಿಯಲ್ಲ. ಈ ಎರಡು ಅತಿಗಳ ನಡುವೆ ನಿಂತು ವಿಷಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ನಮ್ಮ ಮೇಲಿರುವ ಆಪಾದನೆಯನ್ನೇ ನೋಡೋಣ. ಕ್ರಿ.ಶ. ೧೩ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತದ ಕರಾವಳಿಯನ್ನು ಕಂಡ ಮಾರ್ಕೊ ಪೋಲೋ ಪಾಂಡ್ಯರ ನಾಡನ್ನು ಕುರಿತು ಹೀಗೆ ಹೇಳಿದ್ದಾನೆ: ಹಾರ್ಮುಜ್, ಏಡನ್ ಮೊದಲಾದ ರೇವುಗಳಿಂದ ವರ್ಷವರ್ಷವೂ ಸಾವಿರಾರು ಕುದುರೆಗಳು ಅಲ್ಲಿಗೆ ಬರುತ್ತವೆ, ವರ್ಷ ಕಳೆಯುವುದರೊಳಗೆ ಅವುಗಳಲ್ಲಿ ಬಹುಪಾಲು ಸಾಯುತ್ತವೆ. ಕುದುರೆಯನ್ನು ನೋಡಿಕೊಳ್ಳುವ ಬಗೆ ಅಲ್ಲಿಯವರಿಗೆ ತಿಳಿಯದೆಂದೂ, ತಮ್ಮ ವ್ಯಾಪಾರ ನಿಲ್ಲಬಾರದೆಂದು ವರ್ತಕರು ಅಶ್ವವೈದ್ಯರನ್ನು ಅಲ್ಲಿಗೆ ಕರೆತರುವುದಿಲ್ಲವೆಂದೂ ಅವನು ಕಾರಣ ಕೊಡುತ್ತಾನೆ. ಎರಡು ಶತಮಾನಗಳ ತರುವಾಯ ವಿಜಯನಗರದ ಸ್ಥಿತಿಯೂ ಇದನ್ನು ನೆನಪಿಗೆ ತರುತ್ತದೆ. ಪೋರ್ಚುಗೀಸ್ ವರ್ತಕ ನೂನಿಜ್ ವಿಜಯನಗರದ ಅರಸರು ವರ್ಷಕ್ಕೆ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಅದರ ಬೆಲೆ ಕೊಡುತ್ತಿದ್ದನೆಂಬುದೂ ಅವನ ಬರೆಹದಲ್ಲಿಯೇ ಇದೆ. ಇಷ್ಟು ಬೆಲೆ ತೆತ್ತು ತಂದ ಪ್ರಾಣಿಯನ್ನು ಉಳಿಸಿಕೊಳ್ಳುವ ವಿದ್ಯೆಗೆ ರಾಜ್ಯದಲ್ಲಿ ಎಷ್ಟು ಅಗತ್ಯವಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ಅಗತ್ಯಕ್ಕೆ ಓಗೊಟ್ಟವರು ಕನ್ನಡದ ಶಾಸ್ತ್ರಕಾರರು. ಅವರಲ್ಲಿ ಜೈನರ ಪಾಲು ದೊಡ್ಡದು. ಸು. ೧೧೨೫ರಲ್ಲಿ ಚಾಳುಕ್ಯ ರಾಜವಂಶದ ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿದನು. ಸು. ೧೪೦೦ರಲ್ಲಿದ್ದ ಜೈನಕವಿ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಬರೆದನು. ಮೈಸೂರಿನ ಚಾಮರಾಜ ಒಡೆಯರ (೧೬೧೭–೧೬೩೭) ಕಾಲಕ್ಕೆ ರಾಮಚಂದ್ರನ ‘ಅಶ್ವಶಾಸ್ತ್ರ’ ಹಾಗೂ ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ಗಳು ಸೇರುತ್ತವೆ. ಇದಕ್ಕೂ ಹಿಂದೆ, ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ, ವಾಹ್ಯಾಳಿ ಎಂಬ ಸವಾರಿಯ ಬಯಲು, ಅಲ್ಲಿ ನಡೆಯುತ್ತಿದ್ದ ಚೆಂಡಾಟ, ಇವುಗಳ ವಿವರಣೆ ಬರುತ್ತದೆ. ಕನ್ನಡದ ಈ ಗ್ರಂಥಕರ್ತರಲ್ಲಿ ಹಲವರ ಹೆಸರು ವಿದ್ವತ್ಪ್ರಪಂಚಕ್ಕೆ ಪರಿಚಿತವಾದದ್ದು ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯಿಂದ. ಕಾವ್ಯಗಳಿಗೆ ದೊರೆತ ಆದರ ಇಂತಹ ಲೋಕೋಪಯೋಗಿ ಗ್ರಂಥಗಳಿಗೆ ದೊರೆಯಲಿಲ್ಲವೆಂಬುದು ಖೇದದ ಸಂಗತಿ.

ಈ ಗ್ರಂಥಗಳ ಹಿಂದಿರುವ ಪರಂಪರೆ ಶಾಲಿಹೋತ್ರನಿಂದ ಮೊದಲಾಗಿ ನಕುಲ, ಜಯದತ್ತ ಮೊದಲಾದವರ ಹೆಸರಿನಲ್ಲಿ ಬಂದಿರುವ ಸಂಸ್ಕೃತ ಶಾಸ್ತ್ರಪರಂಪರೆ. ಆ ಪರಂಪರೆಯಲ್ಲಿ ಎರಡು ಬಗೆಯ ವಿಷಯಗಳು ಬೆರೆತಿವೆ. ಮೊದಲನೆಯದು ಶುಭಾಶುಭ ವಿಚಾರ. ಕುದುರೆಯ ಮೈಮೇಲಿನ ಆವರ್ತಗಳನ್ನು, ಎಂದರೆ ಸುಳಿಗಳನ್ನು, ನೋಡಿ ಒಡೆಯನಿಗೆ ಏಳಿಗೆಯೋ ಕೇಡೋ ಎಂದು ನಿರ್ಣಯಿಸುವುದು ಇದರಲ್ಲಿ ಸೇರುತ್ತದೆ. ಎತ್ತು ಕೊಳ್ಳುವಾಗ ಸುಳಿ ನೋಡುವ ನಮ್ಮ ರೈತರ ವಾಡಿಕೆ ಇದರ ಜ್ಞಾತಿಯೇ. ಪ್ರಾಣಿಯ ಆರೋಗ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೆಯದು ಅನುಭವದಿಂದ ಬಂದ ತಿಳಿವಳಿಕೆ. ವಯಸ್ಸು, ಮೇವು, ಲಾಯದ ನೆಲ, ನಡಿಗೆ, ಹೊರೆ, ವಿಶ್ರಾಂತಿ, ಇವೇ ಇದರ ವಿಷಯಗಳು. ಇವೆರಡನ್ನೂ ಬೇರ್ಪಡಿಸದೆ ಎಲ್ಲವನ್ನೂ ಹೊಗಳುವುದರಿಂದಾಗಲಿ ಎಲ್ಲವನ್ನೂ ತಳ್ಳಿಹಾಕುವುದರಿಂದಾಗಲಿ ಪ್ರಯೋಜನವಿಲ್ಲ.

ಎರಡನೆಯ ಬಗೆಯ ತಿಳಿವಳಿಕೆಗೆ ಅತ್ಯುತ್ತಮ ನಿದರ್ಶನ ದೊರೆಯುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಈ ಗ್ರಂಥದ ಪುನರುದ್ಧಾರವಾದದ್ದು ನಮ್ಮ ಮೈಸೂರಿನಲ್ಲಿಯೇ. ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ತಾಳೆಯೋಲೆಯ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮುದ್ರಿಸಿದರು. ಆ ಒಂದು ಕಟ್ಟು ಹುಳುಗಳ ಪಾಲಾಗಿದ್ದರೆ ಕುದುರೆಯ ವಿಷಯವೂ ಸೇರಿದಂತೆ ಎಷ್ಟು ಸಂಗತಿಗಳು ನಮಗೆ ತಿಳಿಯದೆ ಹೋಗುತ್ತಿದ್ದವು!

ಅದರ ಎರಡನೆಯ ಅಧಿಕರಣದ ಅಶ್ವಾಧ್ಯಕ್ಷ ಪ್ರಕರಣವನ್ನು ಸಾವಧಾನವಾಗಿ ಓದಬೇಕು. ಅಶ್ವಾಧ್ಯಕ್ಷನು ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಗುರುತು, ಬಂದ ಬಗೆಗಳನ್ನು ದಾಖಲಿಸಬೇಕು. ಊನವುಳ್ಳವುಗಳನ್ನೂ ರೋಗಪೀಡಿತವಾದವುಗಳನ್ನೂ ಮೇಲಿನವರಿಗೆ ಅರಿಕೆ ಮಾಡಬೇಕು. ಕುದುರೆಯು ನಿಲ್ಲುವ ಸ್ಥಳ ಅದರ ಮೈಯುದ್ದದಷ್ಟು ಚೌಕವಾಗಿರಬೇಕು. ನೆಲಕ್ಕೆ ನಯವಾದ ಹಲಗೆ ಹಾಸಿರಬೇಕು. ಲದ್ದಿ ಮೂತ್ರಗಳು ಹೊರಗೆ ಹೋಗುವ ವ್ಯವಸ್ಥೆಯಿರಬೇಕು. ವೈದ್ಯರ ಕೆಲಸ ಔಷಧ ಕೊಡುವುದಕ್ಕೆ ಸೀಮಿತವಲ್ಲ. ಮೈ ಇಳಿಯುವುದನ್ನೂ ಮಿತಿಮೀರಿ ಬೆಳೆಯುವುದನ್ನೂ ತಡೆಯುವುದು, ಋತುವಿಗೆ ತಕ್ಕಂತೆ ಆಹಾರವನ್ನು ಬದಲಾಯಿಸುವುದು ಅವರ ಹೊಣೆ. ನಾಲ್ಕು ಅಥವಾ ಐದು ವರ್ಷ ತುಂಬಿ ಪೂರ್ಣ ಪ್ರಮಾಣಕ್ಕೆ ಬೆಳೆದ ಕುದುರೆಯೇ ಕೆಲಸಕ್ಕೆ ಯೋಗ್ಯ. ಸವಾರಿಯ ಕುದುರೆಗೆ ಅದರ ತರಗತಿಗೆ ಅನುಗುಣವಾಗಿ ೫, ೭½, ೧೦ ಯೋಜನಗಳೆಂದು ಪಯಣದ ಮಿತಿ ಗೊತ್ತುಪಡಿಸಲಾಗಿದೆ. ಇನ್ನು, ಚಿಕಿತ್ಸೆಯ ದೋಷದಿಂದ ರೋಗ ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಇಮ್ಮಡಿ ದಂಡ; ಆ ಅಪರಾಧದಿಂದ ಕುದುರೆಗೆ ಕೇಡಾದರೆ ಅದರ ಬೆಲೆಯಷ್ಟೇ ದಂಡ.

ಇದರಲ್ಲಿ ನಾವು ಮುಖ್ಯವಾಗಿ ಕಾಣಬೇಕಾದುದು ಒಂದು ದೃಷ್ಟಿ. ಕುದುರೆ ಕುಂಟಿದರೆ, ಬೆನ್ನು ಬಾಗಿದರೆ, ಅದನ್ನು ಕುದುರೆಯ ದೋಷವೆಂದು ಶಾಸ್ತ್ರ ತಿಳಿಯುವುದಿಲ್ಲ. ನಿಲ್ಲಿಸಿದವನು, ಮೇಯಿಸಿದವನು, ಏರಿದವನು ಎಲ್ಲಿ ತಪ್ಪಿದರೆಂದು ವಿಚಾರಿಸುತ್ತದೆ. ಇಂದಿನ ಪಶುವೈದ್ಯ ವಿಜ್ಞಾನವೂ ಇದೇ ದಾರಿಯಲ್ಲಿ ನಡೆಯುತ್ತದೆ. ಕುದುರೆಯ ಮುಂಗಾಲುಗಳಿಗೂ ಮುಂಡಕ್ಕೂ ನಡುವೆ ಮೂಳೆಯ ಕೀಲಿಲ್ಲ. ಎದೆಯು ಎರಡು ಮುಂಗಾಲುಗಳ ನಡುವೆ ಸ್ನಾಯುಗಳ ತೊಟ್ಟಿಲಿನಲ್ಲಿ ತೂಗುತ್ತಿರುತ್ತದೆ. ನಿಂತಾಗ ದೇಹದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೀಳುವುದು ಈ ಮುಂಗಾಲುಗಳ ಮೇಲೆಯೇ. ಸ್ನಾಯುಗಳು ಸೋತರೆ ಎದೆ ತಗ್ಗಿ ಬೆನ್ನು ಕುಸಿಯುತ್ತದೆ. ಅಂಥ ಬೆನ್ನಿನ ಮೇಲೆ ಹೊರೆ ಹೇರಿದಷ್ಟೂ ನೋವು ಹೆಚ್ಚುತ್ತದೆ. ಬೆನ್ನೆಲುಬಿನ ಬೆಳವಣಿಗೆ ಪೂರ್ಣವಾಗುವುದು ಐದಾರು ವರ್ಷದ ವೇಳೆಗೆ. ಎರಡು ವರ್ಷದ ಮರಿಗಳನ್ನು ಪಂದ್ಯಕ್ಕೆ ಇಳಿಸುವ ಈ ಕಾಲದವರು ನಾಲ್ಕೈದು ವರ್ಷ ಕಾಯಬೇಕೆಂಬ ಹಳೆಯ ವಿಧಿಯ ಮುಂದೆ ಸ್ವಲ್ಪ ನಿಲ್ಲಬೇಕಾಗಿದೆ. ಕೆಟ್ಟ ನಿಲುವನ್ನು ತಿದ್ದುವ ಉಪಾಯವೂ ಸರಳವೇ: ಗೊರಸನ್ನು ಸಮವಾಗಿ ಒಪ್ಪಗೊಳಿಸುವುದು, ಬೆನ್ನಿಗೆ ಒಪ್ಪುವ ಜೀನು, ಸವಾರನಿಲ್ಲದೆ ಕೈಯಲ್ಲಿ ಹಿಡಿದು ನಿಧಾನವಾಗಿ ನಡೆಸುವುದು, ದಿನಗಳೆದಂತೆ ಸ್ವಲ್ಪ ಸ್ವಲ್ಪವಾಗಿ ಕೆಲಸವನ್ನು ಹೆಚ್ಚಿಸುವುದು, ಎಲ್ಲಕ್ಕಿಂತ ಮಿಗಿಲಾಗಿ ತಾಳ್ಮೆ.

ಹಾಗೆಂದು ಶಾಸ್ತ್ರವಾಕ್ಯವೆಲ್ಲ ಪ್ರಮಾಣವಲ್ಲ. ನೆಲದ ವಿಷಯವನ್ನೇ ನೋಡಬಹುದು. ನಯವಾದ ಹಲಗೆಯನ್ನು ಹಾಸಬೇಕೆಂದು ಅರ್ಥಶಾಸ್ತ್ರ ಹೇಳಿದರೆ, ಕ್ರಿ.ಪೂ. ೪ನೆಯ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನನು ಗೊರಸು ಗಟ್ಟಿಯಾಗಲು ದುಂಡುಗಲ್ಲುಗಳನ್ನು ಹರಡಬೇಕೆನ್ನುತ್ತಾನೆ. ದೇಶ, ಹವೆ, ಬಳಕೆಗಳನ್ನು ನೋಡಿಯೇ ಇವುಗಳನ್ನು ತೂಗಬೇಕು. ಆದರೆ ಬಲಾತ್ಕಾರದಿಂದ ಕಲಿಸಿದ ನಡೆಯಲ್ಲಿ ಸೊಗಸಿಲ್ಲವೆಂಬ ಅವನ ಮಾತನ್ನು ಯಾವ ದೇಶದವರೂ ಒಪ್ಪಬಹುದು.

ಇಲ್ಲಿ ಜೈನ ಶಾಸ್ತ್ರಕಾರರ ಮುಂದಿದ್ದ ವಿಶೇಷ ಸಮಸ್ಯೆಯನ್ನು ಪ್ರಸ್ತಾಪಿಸುವುದು ಉಚಿತ. ಕುದುರೆಯು ಮೂರನೆಯ ತೀರ್ಥಂಕರ ಸಂಭವನಾಥರ ಲಾಂಛನ. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಅಶ್ವರತ್ನವೂ ಒಂದು. ಆದರೆ ಕುದುರೆ ಯುದ್ಧದ ಪ್ರಾಣಿ. ಅಹಿಂಸಾಣುವ್ರತವನ್ನು ಧರಿಸಿದ ಶ್ರಾವಕನು ಅದನ್ನು ಹೇಗೆ ನಡೆಸಿಕೊಳ್ಳಬೇಕು? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆ ವ್ರತದ ಐದು ಅತಿಚಾರಗಳನ್ನು ಹೇಳಿದೆ: ಕಟ್ಟಿಹಾಕುವುದು, ಹೊಡೆಯುವುದು, ಅವಯವಗಳನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎರಡನೆಯದನ್ನು ವಿವರಿಸುವಾಗ ಕೋಲು, ಬೆತ್ತಗಳ ಜೊತೆಗೆ ಚಾವಟಿಯನ್ನೂ ಹೆಸರಿಸುತ್ತಾರೆ. ನಾಲ್ಕನೆಯದನ್ನು ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸುವುದೆಂದು ಅರ್ಥೈಸುತ್ತಾರೆ. ಒಳ್ಳೆಯ ಅಶ್ವಶಿಕ್ಷಕನಿಗೆ ಇದಕ್ಕಿಂತ ಸಂಕ್ಷಿಪ್ತವಾದ ಪಾಠ ಬೇಕಾಗಿಲ್ಲ. ಮೂಲದಲ್ಲಿ ಇದು ಮನುಷ್ಯನ ಆತ್ಮಶುದ್ಧಿಗಾಗಿ ಹೇಳಿದ ಮಾತಾದರೂ ಮೂಕಪ್ರಾಣಿಯ ಬೆನ್ನಿಗೂ ಅದರಿಂದ ರಕ್ಷಣೆ ದೊರೆಯುತ್ತದೆ.

ಈ ದೃಷ್ಟಿ ಪಾಠಪರಿಷ್ಕರಣದಲ್ಲಿಯೂ ನೆರವಾಗಬಲ್ಲದು. ಅರ್ಥಶಾಸ್ತ್ರವು ಕುದುರೆಯ ಆಹಾರದಲ್ಲಿ ಮಾಂಸವನ್ನು ಸೇರಿಸುತ್ತದೆ. ಮೇವನ್ನು ನೆನೆಸಲು ಮಾಂಸರಸ ಅಥವಾ ಅದರ ಇಮ್ಮಡಿ ಮೊಸರು, ಕುಡಿಯಲು ಸುರೆ ಅಥವಾ ಅದರ ಇಮ್ಮಡಿ ಹಾಲು ಎಂದು ವಿಕಲ್ಪಗಳನ್ನೂ ಕೊಡುತ್ತದೆ. ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ದಿಂದ ಮೊದಲುಗೊಂಡು ಜೈನ ವೈದ್ಯವು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದುದು ಪ್ರಸಿದ್ಧವಾಗಿದೆ. ಆದುದರಿಂದ ಅಭಿನವಚಂದ್ರನ ಗ್ರಂಥದ ಪ್ರತಿಗಳನ್ನು ಹೋಲಿಸುವವರು, ಇಂತಹ ಎಡೆಗಳಲ್ಲಿ ಯಾವ ಪ್ರತಿ ಯಾವ ವಿಕಲ್ಪವನ್ನು ಹಿಡಿದಿದೆ, ಯಾವ ಲಿಪಿಕಾರ ಯಾವುದನ್ನು ಸೇರಿಸಿದ್ದಾನೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಗ್ರಂಥಕರ್ತನ ಮನೋಧರ್ಮವೂ ಪ್ರತಿಗಳ ವಂಶಾವಳಿಯೂ ಒಟ್ಟಿಗೆ ಸ್ಪಷ್ಟವಾಗುವ ಎಡೆಗಳವು.

ಓಲೆಗರಿಗಳಲ್ಲಿ ಎಕಾರ ಏಕಾರಗಳ, ಒಕಾರ ಓಕಾರಗಳ ಭೇದ ಸಾಮಾನ್ಯವಾಗಿ ತೋರುವುದಿಲ್ಲ. ೬ ಮತ್ತು ೯ ಅಂಕೆಗಳು ಒಂದರಂತೆ ಇನ್ನೊಂದು ಕಾಣುತ್ತವೆ. ಕಾವ್ಯದಲ್ಲಿ ಇಂತಹ ತಪ್ಪನ್ನು ಛಂದಸ್ಸು ಹಿಡಿದುಕೊಡುತ್ತದೆ. ಪಲ, ಪ್ರಸ್ಥ, ಆಢಕಗಳ ಲೆಕ್ಕದಲ್ಲಿ ಒಂದು ಅಂಕೆ ತಪ್ಪಿದರೆ ಔಷಧವೇ ವಿಷವಾದೀತು. ಕುದುರೆಯ ಅಂಗಾಂಗಗಳ ಹೆಸರು ತಿಳಿಯದ ಲಿಪಿಕಾರನು ಪರಿಚಿತವಾದ ಬೇರೊಂದು ಪದವನ್ನು ಬರೆದುಬಿಡುವುದೂ ಸಹಜ. ಆದ್ದರಿಂದ ಇಂತಹ ಗ್ರಂಥದ ಸಂಪಾದನೆ ಪಂಡಿತನೊಬ್ಬನಿಂದ ಆಗುವ ಕೆಲಸವಲ್ಲ. ಹಳಗನ್ನಡ ಬಲ್ಲವನ ಪಕ್ಕದಲ್ಲಿ ಪಶುವೈದ್ಯನೂ, ಸಾಧ್ಯವಾದರೆ ಲಾಯದಲ್ಲಿಯೇ ಬಾಳಿದ ಅನುಭವಿಯೂ ಕುಳಿತಿರಬೇಕು. ಹಾಗೆ ಪರಿಶೀಲಿಸದೆ ಹಳೆಯ ಯೋಗಗಳನ್ನು ಇಂದಿನ ಪ್ರಾಣಿಗಳ ಮೇಲೆ ಪ್ರಯೋಗಿಸುವುದು ಶಾಸ್ತ್ರಕ್ಕೂ ಪ್ರಾಣಿಗೂ ಅಪಚಾರ.

ಅರ್ಥಶಾಸ್ತ್ರದ ಇನ್ನೊಂದು ವಿಧಿಯನ್ನು ನೆನೆದು ಈ ಲೇಖನವನ್ನು ಮುಗಿಸಬಹುದು. ಯುದ್ಧದಿಂದ, ರೋಗದಿಂದ, ಮುಪ್ಪಿನಿಂದ, ದುಡಿಮೆಯಿಂದ ಕ್ಷೀಣಿಸಿದ ಕುದುರೆಗಳು ಪಿಂಡಗೋಚರಿಕಗಳು. ಎಂದರೆ ಕೆಲಸವಿಲ್ಲದೆ ಆಹಾರವನ್ನು ಮಾತ್ರ ಪಡೆಯತಕ್ಕವು. ರಾಜ್ಯದ ಆದಾಯವ್ಯಯಗಳನ್ನು ಕಾಸುಕಾಸಿಗೂ ಲೆಕ್ಕವಿಟ್ಟ ಶಾಸ್ತ್ರಕಾರನೇ ದುಡಿಯಲಾರದ ಪ್ರಾಣಿಗೆ ಬೊಕ್ಕಸದಿಂದ ಮೇವು ಹಾಕಿಸಿದ್ದಾನೆ. ಹೊಸೂರಿನ ಹೆದ್ದಾರಿಯಲ್ಲಿ ಇಂದು ಸೈನ್ಯದ ಕುದುರೆಗಳಿಲ್ಲ. ಆದರೂ ಪಂದ್ಯ ಮುಗಿಸಿದ ಕುದುರೆ, ಮದುವೆಯ ಮೆರವಣಿಗೆಯ ಕುದುರೆ, ಗಾಡಿಗೆ ಕಟ್ಟಿದ ಕುದುರೆ ನಮ್ಮ ನಡುವೆ ಇವೆ. ಡಾಂಬರಿನ ಮೇಲೆ ಗೊರಸು ಸವೆದು ಕುಂಟುವುದನ್ನೂ ಕಾಣುತ್ತೇವೆ. ಅವುಗಳನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ವಿದ್ಯೆ ನಮ್ಮ ಭಂಡಾರಗಳ ಓಲೆಗಳಲ್ಲಿಯೂ ಇಂದಿನ ಪಶುವೈದ್ಯರ ಕೈಯಲ್ಲಿಯೂ ಹಂಚಿಹೋಗಿದೆ. ಆ ಎರಡನ್ನೂ ಒಂದೆಡೆ ತರುವ ಕಾರ್ಯಕ್ಕೆ ಹಸ್ತಪ್ರತಿಗಳ ಅಭ್ಯಾಸಿಗಳು ಮುಂದಾಗಲೆಂಬುದೇ ನಮ್ಮ ಬಿನ್ನಹ.