ಗಣಿತಸಾರಸಂಗ್ರಹದ ಒಂದು ಸಂಖ್ಯೆ: 12345654321

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿ, ಒಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ ಜೈನ ಗಣಿತಜ್ಞ ಮಹಾವೀರಾಚಾರ್ಯನು ಗುಣಾಕಾರವನ್ನು ಬೋಧಿಸುವಾಗ ಶಿಷ್ಯರ ಮುಂದಿಡುವ ಲೆಕ್ಕಗಳು ಕೇವಲ ಕೈಪಳಗಿಸುವ ಲೆಕ್ಕಗಳಲ್ಲ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಆಯ್ದು, ಅವುಗಳಲ್ಲಿ ಕೆಲವನ್ನು ಆತನು ಕಂಠಾಭರಣವೆಂದೇ ಕರೆದಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸಿದರೆ, ಒಂದರಿಂದ ಮೊದಲಾಗಿ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ 12345654321.

ನಮ್ಮ ಎಣಿಕೆಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟ ಆಚಾರ್ಯನ ಪಟ್ಟಿಯಲ್ಲಾದರೋ, ಇದರ ಎಡತುದಿಯ ಅಂಕಿ ಹನ್ನೊಂದನೆಯದಾದ ಅರ್ಬುದಸ್ಥಾನದಲ್ಲಿ ನಿಲ್ಲುತ್ತದೆ.

ಈ ಸಂಖ್ಯೆ 111111ರ ವರ್ಗ. ಆಚಾರ್ಯನು ಕೊಟ್ಟಿರುವ ಗುಣ್ಯಗುಣಕಗಳನ್ನು ಪರೀಕ್ಷಿಸಿದರೆ ಅವೆರಡೂ ವರ್ಗಗಳೇ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 21 ಮತ್ತು 5291ರ ಗುಣಲಬ್ಧವೇ 111111. ಎಂಟಂಕಿಯ ವರ್ಗವೊಂದು ಅಕಸ್ಮಾತ್ತಾಗಿ ಕೈಗೆ ಸಿಕ್ಕಿತೆಂದು ನಂಬುವುದು ಕಷ್ಟ. ಮೊದಲು ಫಲವನ್ನು ನಿಶ್ಚಯಿಸಿಕೊಂಡು, ಬಳಿಕ ಅದನ್ನು ಒಡೆದು ಪ್ರಶ್ನೆಯನ್ನು ಕಟ್ಟಿದನೆಂದೇ ಊಹಿಸಬೇಕಾಗಿದೆ.

ಸಂಖ್ಯೆಯನ್ನೇ ಬಿಟ್ಟು ಉಳಿದ ಭಾಜಕಗಳ ಮೊತ್ತ ಅದಕ್ಕಿಂತ ಕಡಿಮೆಯೋ, ಸಮವೋ, ಹೆಚ್ಚೋ ಎಂಬುದನ್ನು ನೋಡಿ ಸಂಖ್ಯೆಗಳನ್ನು ಕ್ರಮವಾಗಿ ನ್ಯೂನ, ಪರಿಪೂರ್ಣ, ಅಧಿಕ ಎಂದು ಮೂರಾಗಿ ವಿಂಗಡಿಸುವ ಪದ್ಧತಿ ಗ್ರೀಕರದು, ಕ್ರಿ.ಶ. 100ರ ಸುಮಾರಿನ ನಿಕೋಮಾಕಸನ ಅಂಕಗಣಿತದಲ್ಲಿ ಅದು ವಿಸ್ತಾರವಾಗಿ ಬಂದಿದೆ. ಆ ಒರೆಗಲ್ಲಿಗೆ ನಮ್ಮ ಸಂಖ್ಯೆಯನ್ನು ತಿಕ್ಕಿದರೆ ವಿನೋದವಾದ ಫಲ ದೊರೆಯುತ್ತದೆ. 3, 7, 11, 13, 37 ಎಂಬ ಐದು ಅವಿಭಾಜ್ಯಗಳ ವರ್ಗಗಳಿಂದಾದ ಇದಕ್ಕೆ 243 ಭಾಜಕಗಳಿದ್ದು, ಸಂಖ್ಯೆಯನ್ನೇ ಬಿಟ್ಟು ಉಳಿದವುಗಳ ಮೊತ್ತ 13029870672; ಎಂದರೆ ಮೂಲಕ್ಕಿಂತ 684216351 ಹೆಚ್ಚು. ಬೆಸಸಂಖ್ಯೆಗಳಲ್ಲಿ ಅಧಿಕವಾದವು ವಿರಳ; ಅವುಗಳಲ್ಲಿ ಅತ್ಯಲ್ಪವಾದುದೇ 945. ಇಲ್ಲಿ ಅಧಿಕತ್ವಕ್ಕೆ ಕೊನೆಯ 37 ಕೂಡ ಬೇಕೇ ಬೇಕು: ಅದನ್ನು ಕಳೆದು ಉಳಿದ ನಾಲ್ಕರಿಂದ 3003ರ ವರ್ಗವಾದ 9018009ನ್ನು ಕಟ್ಟಿದರೆ, ಅದರ ಭಾಜಕಗಳ ಮೊತ್ತ ಪರಿಪೂರ್ಣತೆಗೆ ಕೇವಲ 819ರಷ್ಟು ಕಡಿಮೆ ಬೀಳುತ್ತದೆ. ಇದು ಆಚಾರ್ಯನ ಉದ್ದೇಶವಾಗಿತ್ತೆಂದು ಹೇಳುವುದು ಅತಿಪ್ರಸಂಗವಾದೀತು.

ಇನ್ನು, ಏರಿಳಿತವನ್ನು ಆರಕ್ಕೇ ನಿಲ್ಲಿಸಿದ್ದೇಕೆ? ಒಂಬತ್ತು ಒಂದುಗಳ ವರ್ಗ 12345678987654321. ಹತ್ತನೆಯ ಒಂದು ಸೇರಿದೊಡನೆ ದಶಕ ಮುಂದಿನ ಸ್ಥಾನಕ್ಕೆ ಹೋಗಿ ಸಾಲು ಕೆಡುತ್ತದೆ. ಆದುದರಿಂದ ಒಂಬತ್ತರವರೆಗೂ ದಾರಿ ತೆರೆದೇ ಇತ್ತು. ಆದರೆ ಐದು ಒಂದುಗಳು 41 ಮತ್ತು 271 ಆಗಿಯೂ, ಏಳು ಒಂದುಗಳು 239 ಮತ್ತು 4649 ಆಗಿಯೂ ಒಡೆಯುವುದಲ್ಲದೆ ಬೇರೆ ವಿಧವಿಲ್ಲ. ಆರು ಒಂದುಗಳಾದರೋ ಐದು ಸಣ್ಣ ಅವಿಭಾಜ್ಯಗಳಾಗಿ ಸುಲಭವಾಗಿ ಬಿಡಿಸಿಕೊಳ್ಳುತ್ತವೆ. ಎಂಟು ಒಂದುಗಳೊಳಗಿನ 73ನ್ನು ಹೊರತೆಗೆದು ಲೆಕ್ಕ ಹೆಣೆದವನಿಗೆ ಈ ಭೇದ ತಿಳಿಯದೆ ಇದ್ದಿರಲಾರದು. ಆರನ್ನು ಆತನು ಆರಿಸಿದ್ದು ಅಪವರ್ತನದ ಅನುಕೂಲಕ್ಕಾಗಿಯೇ ಎಂಬುದು ನನ್ನ ಅಭಿಪ್ರಾಯ.